ರಾಜಿಯಾದ ಹಳೆಯ ಕೇಸ್ ಇದೆ, ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಅರ್ಜಿ ಹಾಕಬಹುದೇ?

ಓಟಗಾರ 168:

ಸಿವಿಲ್ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಮುಂದಿನ ಅಧಿಸೂಚನೆ ಬಂದ ಕೂಡಲೇ ಅರ್ಜಿ ಹಾಕಬೇಕೆಂದು ತಯಾರಿ ನಡೆಸಿದ್ದೇನೆ. ಬಿ.ಎ. ಮುಗಿದಿದೆ. ಓಟ ಪರವಾಗಿಲ್ಲ, ಓದು ನಡೆದಿದೆ. ಚಿಂತೆ ಬೇರೆಯೇ ಇದೆ.

2022ರಲ್ಲಿ ನಮ್ಮ ದೊಡ್ಡಪ್ಪನಿಗೂ ಪಕ್ಕದ ಜಮೀನಿನವರಿಗೂ ಬದುವಿನ ವಿಚಾರಕ್ಕೆ ಜಗಳವಾಯಿತು. ನಾನು ಬಿಡಿಸಲು ಹೋದವನು. ಅವರು ದೂರು ಕೊಡುವಾಗ ನಮ್ಮ ಮನೆಯ ಗಂಡಸರ ಹೆಸರನ್ನೆಲ್ಲ ಬರೆಸಿದರು, ನಾನು ನಾಲ್ಕನೇ ಆರೋಪಿಯಾದೆ. ಕಲಂ 341, 323, 504, 506 ಸಹ 34 ಐಪಿಸಿ. ಆಗ ನನಗೆ 19 ವರ್ಷ. ಠಾಣೆಯಲ್ಲೇ ಜಾಮೀನು ಕೊಟ್ಟು ಕಳುಹಿಸಿದರು. ಮರುವರ್ಷ ಲೋಕ ಅದಾಲತ್‌ನಲ್ಲಿ ಎರಡೂ ಕಡೆಯವರು ರಾಜಿಯಾಗಿ ಕೇಸ್ ಮುಗಿಯಿತು.

ಈಗಾಗಲೇ ಆಯ್ಕೆಯಾಗಿರುವ ಸಹಪಾಠಿಯೊಬ್ಬ ತಾನು ತುಂಬಿದ ದೃಢೀಕರಣ ನಮೂನೆಯನ್ನು (ಆಯ್ಕೆಯಾದವರ ಪೂರ್ವಾಪರ ಪರಿಶೀಲನೆಗೆ ಇಲಾಖೆ ತುಂಬಿಸಿಕೊಳ್ಳುವ ಫಾರಂ) ತೋರಿಸಿದ. ‘ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ, ನಿಮ್ಮ ಮೇಲೆ ಕ್ರಿಮಿನಲ್ ಮೊಕದ್ದಮೆ ಇತ್ತೇ’ ಎಂಬ ಕಾಲಂ ನೋಡಿದ ಮೇಲೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಅರ್ಜಿ ತುಂಬಿಸುವ ಅಂಗಡಿಯವನು ‘ಎಲ್ಲದಕ್ಕೂ ಇಲ್ಲ ಎಂದು ಹಾಕೋಣ, ಯಾರು ನೋಡುತ್ತಾರೆ’ ಎನ್ನುತ್ತಾನೆ. ಅಪ್ಪ ‘ಪೊಲೀಸ್ ಬಿಟ್ಟು ಬೇರೆ ಇಲಾಖೆ ನೋಡು’ ಎನ್ನುತ್ತಾರೆ. ಹೌದು ಎಂದು ಬರೆದರೆ ಅಲ್ಲಿಗೇ ಮುಗಿಯಿತೇ? ಇನ್ನೊಂದು ಸಣ್ಣ ಪ್ರಶ್ನೆ: ನನ್ನ ಎತ್ತರ ಸರಿಯಾಗಿ 168 ಸೆಂ.ಮೀ. ಬರುತ್ತದೆ, ಕೂದಲೆಳೆಯೂ ಹೆಚ್ಚಿಲ್ಲ. ಅಳತೆಯಲ್ಲಿ ತೊಂದರೆಯಾಗಬಹುದೇ? ತಿಳಿದವರು ದಯವಿಟ್ಟು ಹೇಳಿ.

ನೇರಮಾತು:

ಖುಲಾಸೆಯಾದ ಕೇಸ್ ಎಂದರೆ ಇಲ್ಲದ ಕೇಸ್. ಧೈರ್ಯವಾಗಿ ‘ಇಲ್ಲ’ ಎಂದು ಬರೆಯಿರಿ. 2011ರಲ್ಲಿ ದೆಹಲಿ ಪೊಲೀಸ್ ನೇಮಕಾತಿಯಲ್ಲಿ ರಾಜಿಯಾದ ಕೇಸನ್ನು ಅರ್ಜಿಯಲ್ಲಿ ಮುಚ್ಚಿಟ್ಟಿದ್ದ ಹುಡುಗನ ಪರವಾಗಿ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿದೆ. ಹರೆಯದಲ್ಲಿ ಆಗುವ ಸಣ್ಣಪುಟ್ಟದ್ದನ್ನು ಕ್ಷಮಿಸಬೇಕು ಎಂದಿದೆ. ಇನ್ನು ಪರಿಶೀಲನೆಗೆ ಮನೆಗೆ ಬರುವವರನ್ನು ಸ್ವಲ್ಪ ‘ನೋಡಿಕೊಂಡರೆ’ ವರದಿ ಚೆನ್ನಾಗಿಯೇ ಹೋಗುತ್ತದೆ. ಲೋಕ ನಡೆಯುವುದೇ ಹಾಗೆ.

ನಿವೃತ್ತ ಎಎಸ್‌ಐ:

ತಮ್ಮ, ಮೇಲಿನವರ ಮಾತನ್ನು ಓದಿ ಅಲ್ಲೇ ಬಿಟ್ಟುಬಿಡು. ಪರಿಶೀಲನೆಗೆ ಮನೆಗೆ ಬರುತ್ತಿದ್ದವರಲ್ಲಿ ನಾನೂ ಒಬ್ಬ. ಸೇವೆಯ ಕೊನೆಯ ಭಾಗವೆಲ್ಲ ಜಿಲ್ಲಾ ವಿಶೇಷ ವಿಭಾಗದಲ್ಲಿ ಕಳೆಯಿತು. ಪಾಸ್‌ಪೋರ್ಟಿನಿಂದ ಹಿಡಿದು ನೇಮಕಾತಿಯವರೆಗೆ ಪೂರ್ವಾಪರ ವಿಚಾರಣೆಯೇ ನನ್ನ ಕೆಲಸವಾಗಿತ್ತು. ಆ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ, ಆಮೇಲೆ ಏನು ಬರೆಯಬೇಕು ಎಂಬುದನ್ನು ನೀನೇ ತೀರ್ಮಾನಿಸುತ್ತೀಯ.

ನಿನ್ನ ದೃಢೀಕರಣ ನಮೂನೆ ಎಸ್‌ಪಿ ಕಚೇರಿಯಿಂದ ನಿನ್ನ ಊರು ಯಾವ ಠಾಣೆಯ ಸರಹದ್ದಿಗೆ ಸೇರುತ್ತದೆಯೋ ಆ ಠಾಣೆಗೆ ಬರುತ್ತದೆ. ಓದುವುದಕ್ಕೆಂದು ಬೇರೆ ಕಡೆ ಇದ್ದರೆ ಅಲ್ಲಿಗೂ ಹೋಗುತ್ತದೆ. ಠಾಣೆಯ ಬರಹಗಾರ ಮೊದಲು ಮಾಡುವ ಕೆಲಸವೇ ನಿನ್ನ ಹೆಸರು, ತಂದೆಯ ಹೆಸರು ಹಾಕಿ ಕಂಪ್ಯೂಟರಿನಲ್ಲಿ ಹುಡುಕುವುದು. ಹಿಂದೆಲ್ಲ ದಪ್ಪ ರಿಜಿಸ್ಟರ್ ತಿರುವಬೇಕಿತ್ತು, ಹಾಳೆ ಹರಿದಿದ್ದರೆ ಹುಡುಗ ಪಾರು. ಈಗ ಎಫ್‌ಐಆರ್ ದಾಖಲಾಗುವುದೇ ಪೊಲೀಸ್ ಐಟಿ ತಂತ್ರಾಂಶದಲ್ಲಿ. ಕೇಸ್ ರಾಜಿಯಾದರೆ ಅದು ಅಲ್ಲಿಂದ ಅಳಿಸಿ ಹೋಗುವುದಿಲ್ಲ. ‘ರಾಜಿ’ ಎಂಬ ಷರಾ ಸೇರುತ್ತದೆ, ಅಷ್ಟೆ. ಪೊಲೀಸರೇ ಆಗಬೇಕೆಂದೂ ಇಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರು ಹಾಕಿ ಯಾರು ಬೇಕಾದರೂ ಕೇಸ್ ಹುಡುಕಬಹುದು. ಅರ್ಜಿ ಅಂಗಡಿಯವನು ‘ಯಾರು ನೋಡುತ್ತಾರೆ’ ಎಂದನಲ್ಲ, ಅವನ ಅಂಗಡಿಯ ಕಂಪ್ಯೂಟರಿನಲ್ಲೇ ಅದು ಕಾಣುತ್ತದೆ.

ಇನ್ನು ಊರಿನ ವಿಚಾರಣೆ. ಬೀಟಿನವರು ಬರುತ್ತಾರೆ, ಅಕ್ಕಪಕ್ಕದ ಮನೆಯವರನ್ನು ಕೇಳುತ್ತಾರೆ, ಇಬ್ಬರು ಮೂವರ ಹೇಳಿಕೆ ಪಡೆಯುತ್ತಾರೆ. ನಿನ್ನ ಬದುವಿನ ಆಚೆಯವರು ಅಕ್ಕಪಕ್ಕದವರೇ ತಾನೇ? ರಾಜಿಯಾಗಿದೆ ಎನ್ನುತ್ತೀಯ, ಸಂತೋಷ. ಆದರೆ ಕೋರ್ಟಿನಲ್ಲಿ ಆಗುವ ರಾಜಿ ಬೇರೆ, ಮನಸ್ಸಿನಲ್ಲಿ ಆಗುವ ರಾಜಿ ಬೇರೆ. ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ಹುಡುಗನೊಬ್ಬನ ಹೆಸರು ಬಂದ ವಾರದೊಳಗೆ ಎಸ್‌ಪಿ ಕಚೇರಿಯ ಟಪಾಲಿನಲ್ಲಿ ಮೂಗರ್ಜಿ ಬಂದು ಬೀಳುವುದು ನಾವು ಕಂಡ ನಿತ್ಯದ ಸಂಗತಿ. ಸಹಿ ಇರುವುದಿಲ್ಲ, ಹೆಸರು ಇರುವುದಿಲ್ಲ, ಅಪರಾಧ ಸಂಖ್ಯೆ, ಅಂದರೆ ಎಫ್‌ಐಆರ್ ಸಂಖ್ಯೆ ಮಾತ್ರ ಒಂದಂಕಿಯೂ ತಪ್ಪದೆ ಇರುತ್ತದೆ. ಬರೆದವರು ಯಾರೆಂದು ಊರಿಗೆಲ್ಲ ಗೊತ್ತು, ಕಾಗದಕ್ಕೆ ಮಾತ್ರ ಗೊತ್ತಿಲ್ಲ. ಅಂಥ ಮೂಗರ್ಜಿ ಬಂದಾಗ ನಾವು ಅಭ್ಯರ್ಥಿಯ ನಮೂನೆಯನ್ನು ತೆಗೆದು ಆ ಒಂದು ಕಾಲಂ ನೋಡುತ್ತಿದ್ದೆವು. ಅಲ್ಲಿ ‘ಹೌದು, ವಿವರ ಲಗತ್ತಿಸಿದೆ’ ಎಂದಿದ್ದರೆ ಮೂಗರ್ಜಿ ಕಡತದ ಹಿಂಬದಿಗೆ ಹೋಗುತ್ತಿತ್ತು. ‘ಇಲ್ಲ’ ಎಂದಿದ್ದರೆ ಹುಡುಗನ ಕಥೆಯೇ ಬೇರೆಯಾಗುತ್ತಿತ್ತು, ಏಕೆಂದರೆ ಆಗ ಪ್ರಶ್ನೆ ಬದುವಿನ ಜಗಳದ್ದಲ್ಲ, ಸುಳ್ಳಿನದ್ದು. ಅಂಥ ನಮೂನೆಗಳ ತಲೆಯಲ್ಲೇ ಸುಳ್ಳು ಹೇಳಿದರೆ ಅಥವಾ ಮರೆಮಾಚಿದರೆ ಅನರ್ಹ ಎಂಬ ಎಚ್ಚರಿಕೆ ಇರುತ್ತದೆ. ಅದರ ಕೆಳಗೆ ನೀನೇ ಸಹಿ ಹಾಕಿರುತ್ತೀಯ.

ವರದಿ ಬರೆಯುವವನ ಕಡೆಯಿಂದಲೂ ನೋಡು. ಠಾಣೆಯ ಭಾಷೆಯಲ್ಲಿ ನಾವು ಬರೆಯುತ್ತಿದ್ದದ್ದು ಹೀಗೆ: ‘ಸದರಿ ಅಭ್ಯರ್ಥಿಯು ತನ್ನ ಮೇಲಿದ್ದ ಪ್ರಕರಣದ ಬಗ್ಗೆ ತಾನಾಗಿಯೇ ಮಾಹಿತಿ ನೀಡಿದ್ದು, ಪ್ರಕರಣವು ರಾಜಿಯಲ್ಲಿ ಖುಲಾಸೆಯಾಗಿರುತ್ತದೆ. ತದನಂತರ ಸದರಿಯವರ ಮೇಲೆ ಯಾವುದೇ ಪ್ರಕರಣ ದಾಖಲಾಗಿರುವುದಿಲ್ಲ. ನಡತೆ ಉತ್ತಮವಾಗಿರುತ್ತದೆ.’ ಈ ನಾಲ್ಕು ಸಾಲು ಬರೆಯಲು ನನಗೆ ಯಾವ ಮುಜುಗರವೂ ಇರಲಿಲ್ಲ. ‘ತಾನಾಗಿಯೇ’ ಎಂಬ ಪದವನ್ನು ಸುಳ್ಳು ಹೇಳಿದವನ ವರದಿಯಲ್ಲಿ ಹೇಗೆ ಬರೆಯಲಿ?

‘ನೋಡಿಕೊಳ್ಳುವ’ ವಿಷಯ ಎತ್ತಿದವರಿಗೆ ಒಂದು ಮಾತು. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ 2021ರ ಅಕ್ಟೋಬರ್ 3ರಂದು ನಡೆಯಿತು. ಅಕ್ರಮ ಬಯಲಾಗಿ ಸಿಐಡಿ ತನಿಖೆಯಾಯಿತು, 2022ರ ಏಪ್ರಿಲ್‌ನಲ್ಲಿ ಆಯ್ಕೆ ಪಟ್ಟಿಯೇ ರದ್ದಾಯಿತು. ಎಡಿಜಿಪಿ ದರ್ಜೆಯ ಅಧಿಕಾರಿಯೇ ಬಂಧನಕ್ಕೊಳಗಾದರು. ಮರುಪರೀಕ್ಷೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿದ್ದು 2024ರ ಜನವರಿ 23ರಂದು. ಕಷ್ಟಪಟ್ಟು ಓದಿ ಪಾಸಾಗಿದ್ದ ಹುಡುಗರು ಎರಡು ವರ್ಷಕ್ಕೂ ಹೆಚ್ಚು ಕಾಲ ನ್ಯಾಯಾಲಯ, ಧರಣಿ ಎಂದು ಅಲೆದರು. ಲೋಕ ಹಾಗೆ ನಡೆದಾಗ ಹೀಗಾಗುತ್ತದೆ. 2018ರ ತಿದ್ದುಪಡಿಯಾದ ಮೇಲೆ ಲಂಚ ಕೊಡುವವನೂ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಆರೋಪಿಯೇ. ರಾಜಿಯಾಗಬಲ್ಲ ಹಳೆಯ ಕೇಸನ್ನು ಮುಚ್ಚಲು ರಾಜಿಯಾಗದ ಹೊಸ ಕೇಸನ್ನು ತಲೆಗೆ ಕಟ್ಟಿಕೊಳ್ಳುವುದು ಯಾವ ಊರಿನ ಬುದ್ಧಿವಂತಿಕೆ?

ಇನ್ನು ಕೆಲಸ ಸಿಕ್ಕೇ ಸಿಗುತ್ತದೆಯೇ ಎಂದರೆ, ಆ ಭರವಸೆಯನ್ನು ನಾನು ಕೊಡಲಾರೆ. ತೀರ್ಮಾನ ನೇಮಕಾತಿ ಪ್ರಾಧಿಕಾರದ್ದು. ಆದರೆ ನಿನ್ನ ಕಲಂಗಳನ್ನು ನೋಡಿದರೆ ನನಗೇನೂ ಹೆದರಿಕೆಯಿಲ್ಲ. 341 ಅಡ್ಡಗಟ್ಟಿದ್ದು, 323 ಕೈಯಿಂದ ಹೊಡೆದದ್ದು, 504 ಬೈದದ್ದು, 506 ಬೆದರಿಸಿದ್ದು. ಹಳ್ಳಿಯ ಬದು ಜಗಳಕ್ಕೆ ಈ ಸರ ತಪ್ಪಿದ್ದಲ್ಲ. 341 ಬಿಟ್ಟರೆ ಉಳಿದ ಮೂರೂ ಸಂಜ್ಞೇಯವಲ್ಲದ ಅಪರಾಧಗಳು, ಅಂದರೆ ನ್ಯಾಯಾಲಯದ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. 341 ಇದ್ದುದರಿಂದಲೇ ಠಾಣೆಯಲ್ಲಿ ನೇರವಾಗಿ ಎಫ್‌ಐಆರ್ ಆಯಿತು. ವರದಿ ಓದುವ ಅಧಿಕಾರಿಗೂ ಇದು ಗೊತ್ತಿರುತ್ತದೆ. ಕಳ್ಳತನ, ಮೋಸ, ಹೆಣ್ಣುಮಕ್ಕಳ ವಿಷಯ, ಮಾದಕ ವಸ್ತು ಇವೆಲ್ಲ ಇದ್ದಿದ್ದರೆ ನಾನು ನಿನ್ನ ಅಪ್ಪನ ಮಾತನ್ನೇ ಹೇಳುತ್ತಿದ್ದೆ.

ಕರಿಕೋಟು:

ವಕೀಲನಾಗಿ ಎರಡು ಮಾತು ಸೇರಿಸುತ್ತೇನೆ. 2011ರ ತೀರ್ಪನ್ನು ಉಲ್ಲೇಖಿಸಿದವರು ಅರ್ಧ ಮಾತ್ರ ಹೇಳಿದ್ದಾರೆ. ಆ ಅಭ್ಯರ್ಥಿ ಅರ್ಜಿಯಲ್ಲಿ ‘ಇಲ್ಲ’ ಎಂದಿದ್ದರೂ ಮುಂದೆ ದೃಢೀಕರಣ ನಮೂನೆಯಲ್ಲಿ ತಾನೇ ಕೇಸಿನ ವಿಷಯ ತಿಳಿಸಿದ್ದ. ಅದಕ್ಕೆ ಎರಡೇ ವರ್ಷದ ನಂತರ, 2013ರಲ್ಲಿ, ಮತ್ತೊಂದು ದೆಹಲಿ ಪೊಲೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉಲ್ಟಾ ದಿಕ್ಕಿನಲ್ಲಿ ತೀರ್ಪು ಕೊಟ್ಟಿತು. ರಾಜಿಯಿಂದ ಬಿಡುಗಡೆಯಾದ ಮಾತ್ರಕ್ಕೆ ಪೊಲೀಸ್ ಕೆಲಸದ ಹಕ್ಕು ಹುಟ್ಟುವುದಿಲ್ಲ, ಪರಿಶೀಲನಾ ಸಮಿತಿ ತಿರಸ್ಕರಿಸಬಹುದು ಎಂದಿತು. ಈ ಎಳೆದಾಟಕ್ಕೆ ತೆರೆ ಎಳೆದದ್ದು 2016ರ ಜುಲೈ 21ರಂದು ಮೂವರು ನ್ಯಾಯಮೂರ್ತಿಗಳ ಪೀಠ ಕೊಟ್ಟ ಅವತಾರ್ ಸಿಂಗ್ ಪ್ರಕರಣದ ತೀರ್ಪು. ಈಗ ನೇಮಕಾತಿ ವ್ಯಾಜ್ಯಗಳೆಲ್ಲ ಅದರ ಸುತ್ತಲೇ ತಿರುಗುತ್ತವೆ.

ಅದರ ಪ್ರಕಾರ ಕೊಟ್ಟ ಮಾಹಿತಿ ನಿಜವಾಗಿರಬೇಕು. ಕ್ಷುಲ್ಲಕ ಸ್ವರೂಪದ ಹಳೆಯ ಕೇಸನ್ನು ಮುಚ್ಚಿಟ್ಟಿದ್ದರೆ ಪ್ರಾಧಿಕಾರ ಮನಸ್ಸು ಮಾಡಿದರೆ ಕ್ಷಮಿಸಬಹುದು. ಕ್ಷಮಿಸಲೇಬೇಕೆಂದಿಲ್ಲ. ನಿಜ ಹೇಳಿದರೂ ಪೂರ್ವಾಪರ ಪರಿಗಣಿಸುವ ಅಧಿಕಾರ ಪ್ರಾಧಿಕಾರಕ್ಕೆ ಉಳಿದೇ ಇರುತ್ತದೆ, ನೇಮಿಸಿಕೊಳ್ಳಿ ಎಂದು ಬಲವಂತ ಮಾಡುವಂತಿಲ್ಲ. ಅಂದರೆ ನಿಜ ಹೇಳುವುದರಿಂದ ನೌಕರಿಯ ಖಾತ್ರಿ ಸಿಗುವುದಿಲ್ಲ. ಆದರೆ ನಾಳೆ ತಿರಸ್ಕಾರವಾದರೆ ಪ್ರಶ್ನಿಸಲು ನಿಮ್ಮ ಕಾಲ ಕೆಳಗೆ ನೆಲ ಇರುತ್ತದೆ. ಮುಚ್ಚಿಟ್ಟವರ ಪರವಾಗಿ ವಾದಿಸುವಾಗ ನಾವು ಮೊದಲ ಅರ್ಧ ಗಂಟೆಯನ್ನು ಸುಳ್ಳಿಗೆ ವಿವರಣೆ ಕೊಡುವುದರಲ್ಲೇ ಕಳೆಯುತ್ತೇವೆ.

ಅದೇ ತೀರ್ಪಿನ ಇನ್ನೊಂದು ಅಂಶ ನಿಮಗೆ ಬೇಕಾದದ್ದು: ನಮೂನೆಯ ಪ್ರಶ್ನೆ ಸ್ಪಷ್ಟವಾಗಿರಬೇಕು, ನಿರ್ದಿಷ್ಟವಾಗಿ ಕೇಳಿದ್ದನ್ನು ಮಾತ್ರ ಹೇಳಿದರೆ ಸಾಕು. ಆದ್ದರಿಂದ ಪ್ರತಿ ಕಾಲಮ್ಮನ್ನೂ ಓದಿ ಉತ್ತರಿಸಿ. ‘ಶಿಕ್ಷೆಯಾಗಿದೆಯೇ’ ಎಂದು ಕೇಳಿದ್ದರೆ ಇಲ್ಲ. ‘ಪ್ರಕರಣ ಬಾಕಿ ಇದೆಯೇ’ ಎಂದಿದ್ದರೆ ಇಲ್ಲ. ‘ಮೊಕದ್ದಮೆ ಹೂಡಲಾಗಿತ್ತೇ’ ಎಂದಿದ್ದರೆ ಹೌದು. ಬಂಧನದ ಕಾಲಮ್ಮಿಗೆ ಮಾತ್ರ ಕಾಗದ ನೋಡಿ ಬರೆಯಿರಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 41ಎ ನೋಟಿಸ್ (ವಿಚಾರಣೆಗೆ ಹಾಜರಾಗಿ ಎಂಬ ಸೂಚನೆ) ಕೊಟ್ಟು ಕಳುಹಿಸಿದ್ದರೆ ಅದು ಬಂಧನವಲ್ಲ. ದಸ್ತಗಿರಿ ಮಾಡಿ ಜಾಮೀನಿನ ಮೇಲೆ ಬಿಟ್ಟಿದ್ದರೆ ಬಂಧನವೇ, ಒಂದು ಗಂಟೆಯಾದರೂ ಸರಿ.

ರಾಜಿಯ ಪರಿಣಾಮದ ಬಗ್ಗೆ ಗೊಂದಲ ಬೇಡ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 320(8)ರ ಪ್ರಕಾರ ರಾಜಿಯೆಂದರೆ ಖುಲಾಸೆಯ ಪರಿಣಾಮವೇ. ನಿಮ್ಮ ನಾಲ್ಕೂ ಕಲಂಗಳು ಜಾಮೀನೀಯ, ರಾಜಿಯೋಗ್ಯ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆಯೆಂದು ಕಲಂ ಸಂಖ್ಯೆ ಬದಲಾಯಿಸಿ ಬರೆಯಲು ಹೋಗಬೇಡಿ, 2022ರ ಕೇಸ್ ಐಪಿಸಿಯದೇ. ಬೇರೆ ಓದುಗರಿಗಾಗಿ ಒಂದು ಸಾಲು: ಘಟನೆಯ ದಿನ 18 ವರ್ಷ ತುಂಬಿರದಿದ್ದರೆ ಆ ವಯಸ್ಸಿನ ಕೇಸ್ ಮುಂದೆ ಅನರ್ಹತೆಯಾಗಬಾರದೆನ್ನುವ ಬಾಲನ್ಯಾಯ ಕಾಯ್ದೆ 2015ರ ಕಲಂ 24 ಅನ್ವಯಿಸುತ್ತದೆ, ಅಂಥವರು ಏನನ್ನಾದರೂ ಬರೆಯುವ ಮೊದಲು ವಕೀಲರನ್ನು ಕಾಣುವುದು ಒಳ್ಳೆಯದು.

ಮಪಿಸಿ:

ಕಾನೂನಿನ ವಿಷಯ ಹಿರಿಯರು ಹೇಳಿದ್ದಾರೆ. ನಾನು ಈಗ ಸೇವೆಯಲ್ಲಿರುವ ಮಹಿಳಾ ಕಾನ್‌ಸ್ಟೇಬಲ್, ಎತ್ತರದ ಪ್ರಶ್ನೆಗೆ ಉತ್ತರಿಸುತ್ತೇನೆ. ಪುರುಷರಿಗೆ 168, ನಮಗೆ 157. ಸರಿಯಾಗಿ 168 ಇದ್ದರೆ ಅರ್ಹರೇ, ಆದರೆ ಅಳತೆಯ ಕಂಬದ ಮುಂದೆ ನಿಲ್ಲುವ ರೀತಿ ಗೊತ್ತಿರಬೇಕು. ಬರಿಗಾಲು, ಹಿಮ್ಮಡಿ ಕಂಬಕ್ಕೆ ತಾಗಿರಬೇಕು, ಮೊಣಕಾಲು ಬಾಗಬಾರದು, ದೃಷ್ಟಿ ನೇರ. ಗಾಬರಿಯಲ್ಲಿ ಗದ್ದ ಮೇಲೆತ್ತಿ ನಿಲ್ಲುವವರು ಬಹಳ, ಹಾಗೆ ನಿಂತರೆ ಎತ್ತರ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಬೆಳಿಗ್ಗೆ ಎದ್ದಾಗಿನ ಎತ್ತರ ಸಂಜೆಗೆ ತುಸು ತಗ್ಗುತ್ತದೆ. ಆದ್ದರಿಂದ ಹಿಂದಿನ ರಾತ್ರಿ ಬಸ್ಸಿನಲ್ಲಿ ಕುಳಿತುಕೊಂಡೇ ಬಂದು ಸರತಿಯಲ್ಲಿ ನಿಲ್ಲಬೇಡಿ, ಒಂದು ದಿನ ಮೊದಲೇ ಬಂದು ಮಲಗಿ ಎದ್ದು ಹೋಗಿ. ಎದೆಯ ಸುತ್ತಳತೆ ಉಸಿರು ತುಂಬಿಕೊಂಡಾಗ 86 ಸೆಂ.ಮೀ. ಇರಬೇಕು, ಹಿಗ್ಗುವುದು ಕನಿಷ್ಠ 5. ಹಲವರು ಮೊದಲ ಅಳತೆಗೇ ಎದೆ ಉಬ್ಬಿಸಿ ನಿಂತುಬಿಡುತ್ತಾರೆ, ಆಮೇಲೆ ಹಿಗ್ಗಿಸಲು ಏನೂ ಉಳಿದಿರುವುದಿಲ್ಲ.

ಓಟ ಪರವಾಗಿಲ್ಲ ಎಂದಿದ್ದೀರಿ. ‘ಪರವಾಗಿಲ್ಲ’ ಸಾಲದು, ಗಡಿಯಾರ ಹಿಡಿದು ನೋಡಿ. 1600 ಮೀಟರ್‌ಗೆ 6 ನಿಮಿಷ 30 ಸೆಕೆಂಡು ಎಂದರೆ 400 ಮೀಟರ್ ಸುತ್ತಿಗೆ 97 ಸೆಕೆಂಡಿನ ಆಸುಪಾಸು. ನಮ್ಮ ಬ್ಯಾಚಿನ ಹುಡುಗರು ಬೀಳುತ್ತಿದ್ದದ್ದು ಕೊನೆಯ ಸುತ್ತಿನಲ್ಲಲ್ಲ, ಮೊದಲ ಸುತ್ತಿನಲ್ಲಿ. ಪಕ್ಕದವನ ಜೊತೆ ಪಂದ್ಯ ಕಟ್ಟಿದಂತೆ ಓಡಿ ಮೂರನೆಯದರಲ್ಲಿ ಹೊಟ್ಟೆ ಹಿಡಿದುಕೊಂಡು ನಡೆಯುತ್ತಿದ್ದರು. ಮೊದಲು ಬಂದರೆ ಹೆಚ್ಚು ಅಂಕವೇನೂ ಇಲ್ಲ, ಸಮಯದೊಳಗೆ ಮುಗಿಸಿದರೆ ಆಯಿತು. ಉದ್ದ ಜಿಗಿತ 3.80 ಮೀಟರ್ ಅಥವಾ ಎತ್ತರ ಜಿಗಿತ 1.20, ಎರಡರಲ್ಲಿ ಒಂದು ಸಾಕು. ಗುಂಡು 7.26 ಕೆ.ಜಿ.ಯದು, 5.60 ಮೀಟರ್ ಎಸೆಯಬೇಕು. ಊರಿನ ಮೈದಾನದಲ್ಲಿ ಹಗುರ ಗುಂಡಿನಲ್ಲಿ ಅಭ್ಯಾಸ ಮಾಡಿ ಬಂದವರು ಅಲ್ಲಿ ಗುಂಡು ಎತ್ತಿದಾಗಲೇ ಮುಖ ಬಾಡಿಸಿಕೊಳ್ಳುತ್ತಾರೆ, ಅದೇ ತೂಕದ್ದನ್ನು ಹುಡುಕಿಕೊಳ್ಳಿ. ಇದೆಲ್ಲ ಲಿಖಿತ ಪರೀಕ್ಷೆ ದಾಟಿದ ಮೇಲಿನ ಮಾತು. 100 ಅಂಕ, ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ, ಊಹೆಯ ಮೇಲೆ ಗುರುತು ಹಾಕುತ್ತಾ ಹೋಗಬೇಡಿ.

ಕೇಸಿಗಿಂತ ಹೆಚ್ಚು ಜನ ಹೊರಗೆ ಬೀಳುವುದು ಪ್ರಮಾಣಪತ್ರಗಳಲ್ಲಿ. 2ಎ, 3ಬಿ ಮುಂತಾದ ಪ್ರವರ್ಗದವರಾದರೆ ನಮೂನೆ-ಎಫ್ (ಜಾತಿ ಮತ್ತು ಆದಾಯ ಪ್ರಮಾಣಪತ್ರ) ಐದು ವರ್ಷದ್ದು, ಅವಧಿ ಮುಗಿದಿದೆಯೇ ನೋಡಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಕೇಳುವುದಾದರೆ ಒಂದರಿಂದ ಹತ್ತನೇ ತರಗತಿಯವರೆಗಿನ ಲೆಕ್ಕ. ನಡುವೆ ಶಾಲೆ ಬದಲಾಯಿಸಿದ್ದರೆ ಎರಡೂ ಶಾಲೆಗೆ ಅಲೆಯಬೇಕು. ಕಲ್ಯಾಣ ಕರ್ನಾಟಕದವರಾದರೆ ಸಂವಿಧಾನದ 371ಜೆ ವಿಧಿಯ ಮೀಸಲಾತಿಗೆ ಬೇಕಾದ ಅರ್ಹತಾ ಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಪಡೆಯಬೇಕು. ಎಲ್ಲವನ್ನೂ ಅಧಿಸೂಚನೆಗೆ ಮೊದಲೇ ಮಾಡಿಸಿಟ್ಟುಕೊಳ್ಳಿ, ಅಧಿಸೂಚನೆ ಬಂದ ದಿನ ನಾಡಕಚೇರಿಯ ಮುಂದೆ ಸರತಿ ಯಾವಾಗಲೂ ಉದ್ದ.

ಓಟಗಾರ 168:

ಎಲ್ಲರಿಗೂ ಧನ್ಯವಾದ. ಎಎಸ್‌ಐ ಸರ್, ‘ಹೌದು’ ಎಂದೇ ಬರೆಯುತ್ತೇನೆ. ಅಪ್ಪನಿಗೂ ನಿಮ್ಮ ಉತ್ತರ ಓದಿ ಹೇಳಿದೆ. ‘ಮೂಗರ್ಜಿ’ ಎಂಬಲ್ಲಿಗೆ ಬಂದಾಗ ಅವರು ಪಕ್ಕದ ಜಮೀನಿನ ಕಡೆ ಒಮ್ಮೆ ನೋಡಿ ಸುಮ್ಮನಾದರು. ಎರಡು ವಿಷಯ ಕೇಳುವುದಿದೆ. ಕೋರ್ಟಿನ ಕಾಗದ ನಮ್ಮ ಬಳಿ ಒಂದೂ ಇಲ್ಲ, ವಕೀಲರು ದೊಡ್ಡಪ್ಪನಿಗೆ ಕೊಟ್ಟಿದ್ದರಂತೆ, ಅವರು ಎಲ್ಲಿಟ್ಟಿದ್ದಾರೋ. ಮತ್ತೊಂದು, ‘ನಾನು ಬಿಡಿಸಲು ಹೋದವನು, ನನ್ನದೇನೂ ತಪ್ಪಿಲ್ಲ’ ಎಂದು ನಮೂನೆಯಲ್ಲಿ ಬರೆಯಬಹುದೇ?

ನಿವೃತ್ತ ಎಎಸ್‌ಐ:

ಬರೆಯಬೇಡ. ನಾಲ್ಕನೇ ಆರೋಪಿಗಳೆಲ್ಲ ಬಿಡಿಸಲು ಹೋದವರೇ, ನನ್ನ ಸೇವೆಯಲ್ಲಿ ಬೇರೆ ಮಾತು ಕೇಳಿಲ್ಲ. ನೀನು ನಿಜವಾಗಿಯೂ ಬಿಡಿಸಲು ಹೋಗಿದ್ದಿರಬಹುದು. ವಿಚಾರಣೆಗೆ ಬಂದವರು ಬಾಯಿಮಾತಿನಲ್ಲಿ ಕೇಳಿದರೆ ಹೇಳು, ಕೇಳದಿದ್ದರೆ ಬಿಡು. ಕಾಗದದಲ್ಲಿ ದಾಖಲೆ ಹೇಳುವುದನ್ನು ಮಾತ್ರ ಬರೆ.

ದೊಡ್ಡಪ್ಪನ ಪೆಟ್ಟಿಗೆ ಹುಡುಕುವುದರಲ್ಲಿ ದಿನ ಕಳೆಯಬೇಡ. ಕೇಸ್ ನಡೆದ ನ್ಯಾಯಾಲಯದ ನಕಲು ವಿಭಾಗಕ್ಕೆ ಅರ್ಜಿ ಕೊಟ್ಟರೆ ದೃಢೀಕೃತ ಪ್ರತಿ ಸಿಗುತ್ತದೆ. ಸಿ.ಸಿ. ಸಂಖ್ಯೆ, ಅಂದರೆ ನ್ಯಾಯಾಲಯ ಕೊಟ್ಟ ಕೇಸ್ ಸಂಖ್ಯೆ ಗೊತ್ತಿಲ್ಲದಿದ್ದರೆ ಮೊದಲು ಇ-ಕೋರ್ಟ್ಸ್‌ನಲ್ಲಿ ಠಾಣೆಯ ಹೆಸರು, ಅಪರಾಧ ಸಂಖ್ಯೆ, ವರ್ಷ ಹಾಕಿ ಹುಡುಕು. ಎಫ್‌ಐಆರ್, ದೋಷಾರೋಪಣ ಪಟ್ಟಿ, ರಾಜಿಯ ದಿನದ ಆದೇಶ, ಈ ಮೂರನ್ನೂ ತೆಗೆಸು. ಆದೇಶದಲ್ಲಿ ನಿನ್ನ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಇದೆಯೇ ನೋಡು. ದೂರಿನಲ್ಲಿ ಕರೆಯುವ ಹೆಸರನ್ನೇ ಬರೆಸಿರುತ್ತಾರೆ, ಆಮೇಲೆ ಇವನು ಅವನೇ ಹೌದೋ ಅಲ್ಲವೋ ಎಂಬ ಇನ್ನೊಂದು ತಕರಾರು ಹುಟ್ಟುತ್ತದೆ. ಹಾಗೇನಾದರೂ ಇದ್ದರೆ ಎರಡೂ ಹೆಸರು ಒಬ್ಬನದೇ ಎಂದು ಅಫಿಡವಿಟ್ ಮಾಡಿಸು.

ನಮೂನೆಯ ಕಾಲಮ್ಮಿನಲ್ಲಿ ಜಾಗ ಇಷ್ಟೇ ಇರುತ್ತದೆ. ಅಲ್ಲಿ ‘ಹೌದು, ವಿವರವನ್ನು ಪ್ರತ್ಯೇಕ ಹಾಳೆಯಲ್ಲಿ ಲಗತ್ತಿಸಿದೆ’ ಎಂದು ಬರೆ. ಹಾಳೆಯಲ್ಲಿ ಹೀಗಿರಲಿ: ‘2022ನೇ ಸಾಲಿನಲ್ಲಿ ಇಂಥ ಠಾಣೆಯ ಅಪರಾಧ ಸಂಖ್ಯೆ ಇಷ್ಟು, ಕಲಂ 341, 323, 504, 506 ಸಹ 34 ಐಪಿಸಿ ರೀತ್ಯಾ ದಾಖಲಾದ ಪ್ರಕರಣದಲ್ಲಿ ನಾನು 4ನೇ ಆರೋಪಿಯಾಗಿದ್ದೆನು. ಸಿ.ಸಿ. ಸಂಖ್ಯೆ ಇಷ್ಟರಲ್ಲಿ ಇಂಥ ನ್ಯಾಯಾಲಯದಲ್ಲಿದ್ದ ಸದರಿ ಪ್ರಕರಣವು ಇಂಥ ದಿನಾಂಕದಂದು ಲೋಕ ಅದಾಲತ್‌ನಲ್ಲಿ ರಾಜಿಯಾಗಿ ಮುಕ್ತಾಯಗೊಂಡಿರುತ್ತದೆ. ಇದನ್ನು ಹೊರತುಪಡಿಸಿ ನನ್ನ ಮೇಲೆ ಬೇರೆ ಯಾವುದೇ ಪ್ರಕರಣ ಇರುವುದಿಲ್ಲ. ಆದೇಶದ ದೃಢೀಕೃತ ಪ್ರತಿ ಲಗತ್ತಿಸಿದೆ.’ ಕೆಳಗೆ ಸಹಿ, ದಿನಾಂಕ. ಅರ್ಜಿಯಲ್ಲೂ ಇದೇ ಪ್ರಶ್ನೆ ಇದ್ದರೆ ಅಲ್ಲಿಯೂ ಇದೇ ಉತ್ತರ, ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಆಗಬಾರದು. ಅಂಗಡಿಯವನ ಕೈಗೆ ಮೌಸ್ ಕೊಟ್ಟು ನೀನು ಹೊರಗೆ ನಿಲ್ಲಬೇಡ, ಪಕ್ಕದಲ್ಲಿ ಕುಳಿತು ಪ್ರತಿ ಸಾಲನ್ನೂ ನೋಡಿ ಸಲ್ಲಿಸು. ಎಲ್ಲದರ ಜೆರಾಕ್ಸ್ ಒಂದು ಸೆಟ್ ಮನೆಯಲ್ಲಿರಲಿ, ದೊಡ್ಡಪ್ಪನ ಪೆಟ್ಟಿಗೆಯಲ್ಲಿ ಬೇಡ.